ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳತಕ್ಕದ್ದು

ಪ್ರಯಾಣಿಕನಾಗಿ ಕುಳಿತಾಗ ಬಸ್ಸು ಇಷ್ಟು ಚಿಕ್ಕದಾಗಿರುತ್ತದೆಂದು ಧರ್ಮೇಂದ್ರನಿಗೆ ಇಪ್ಪತ್ತೊಂದು ವರ್ಷ ಕಂಡಕ್ಟರಿಕೆ ಮಾಡಿಯೂ ಗೊತ್ತಾಗಿರಲಿಲ್ಲ. ಚನ್ನರಾಯಪಟ್ಟಣದ ಸ್ಟ್ಯಾಂಡಿನಲ್ಲಿ ಹತ್ತಿ, ಡ್ರೈವರ್ ಹಿಂದಿನ ಮೂವರ ಸೀಟಿನಲ್ಲಿ ಕಿಟಕಿಯ ಕಡೆಗೆ ಹೆಂಡತಿ ಧನಲಕ್ಷ್ಮಿಯನ್ನು ಬಿಟ್ಟು ತಾನು ಪಕ್ಕದಲ್ಲಿ ಕುಳಿತದ್ದೇ ತಡ, ಮೂರನೆಯವರ ಜಾಗ ಎಂಬುದು ಮಾಯವಾಯಿತು. ಶಾಂತಿಗ್ರಾಮಕ್ಕೆ ಹೊರಟಿದ್ದ ಮುದುಕಿಯೊಬ್ಬಳು ಬಂದು ಆ ಜಾಗವನ್ನು ಕಣ್ಣಲ್ಲೇ ಹುಡುಕಿ, ಅವನ ಮುಖ ನೋಡಿ, ಇರಲಿ ಬಿಡಪ್ಪ ಎಂಬಂತೆ ಕಂಬ ಹಿಡಿದು ನಿಂತಳು. ಆಕೆ ಬೈದಿದ್ದರೆ ಅವನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಗಟ್ಟಿಮುಟ್ಟಾದ ಗಂಡಸರನ್ನು ಗದರಿಸಿ ಎಬ್ಬಿಸಿ ಇಂಥ ಎಷ್ಟು ಮುದುಕಿಯರನ್ನು, ಬಾಣಂತಿಯರನ್ನು ಕೂರಿಸಿದ್ದೇನೆ ಎಂದು ನೆನೆಯುತ್ತ ಹೊಟ್ಟೆಯನ್ನು ಒಳಕ್ಕೆ ಎಳೆದುಕೊಂಡ. ಅದು ಬರಲಿಲ್ಲ. ಹೇಗೂ ಅದಕ್ಕೆ ಇನ್ನು ಐದು ದಿನದ ಆಯುಸ್ಸು ಮಾತ್ರ ಉಳಿದಿತ್ತು. ಬರುವ ಸೋಮವಾರ ಹಾಸನದ ಆಸ್ಪತ್ರೆಯಲ್ಲಿ ಹೊಟ್ಟೆಯೊಳಗಿನ ಚೀಲದ ಮುಕ್ಕಾಲು ಪಾಲನ್ನು ಕತ್ತರಿಸಿ ತೆಗೆಯುವುದೆಂದು ನಿಶ್ಚಯವಾಗಿತ್ತು. ಇವತ್ತು ಆಗಬೇಕಾದದ್ದು ಎರಡೇ ಕೆಲಸ: ತೂಕ ನೋಡಿಸುವುದು, ಮನಸ್ಸಿನ ಡಾಕ್ಟರ ಕೈಲಿ ಸಹಿ ಹಾಕಿಸುವುದು. ಆ ಸಹಿ ಇಲ್ಲದೆ ಕತ್ತರಿ ಮುಟ್ಟುವುದಿಲ್ಲ ಎಂದು ಸರ್ಜನ್ನರು ಖಡಾಖಂಡಿತವಾಗಿ ಹೇಳಿದ್ದರು. ಅದಕ್ಕಾಗಿ ಮೂರು ದಿನದಿಂದ ಬಚ್ಚಲಮನೆಯಲ್ಲಿ ಅಭ್ಯಾಸ ನಡೆದಿತ್ತು. ನಿದ್ದೆ ಚೆನ್ನಾಗಿ ಬರುತ್ತದೆ, ಊಟ ಸೇರುತ್ತದೆ, ಬೇಜಾರು ಎಂಬುದು ಗೊತ್ತೇ ಇಲ್ಲ, ಮಂಡಿ ನೋವಿಗೋಸ್ಕರ ಮಾಡಿಸಿಕೊಳ್ಳುತ್ತಿದ್ದೇನೆ. ಊಟ ಸೇರುತ್ತದೆ ಎನ್ನುವುದನ್ನು ಮಾತ್ರ ಹೇಳಬೇಕೋ ಬೇಡವೋ ಎಂದು ಇನ್ನೂ ತೀರ್ಮಾನವಾಗಿರಲಿಲ್ಲ.

ಸ್ಟಿಯರಿಂಗ್ ಹಿಡಿದಿದ್ದ ಮಂಚಯ್ಯ ಕನ್ನಡಿಯಲ್ಲಿ ಅವನನ್ನು ನೋಡಿ ನಕ್ಕ. ಹದಿನೈದು ವರ್ಷ ಒಂದೇ ಬಸ್ಸಿನಲ್ಲಿ ದುಡಿದವರು. ಚನ್ನರಾಯಪಟ್ಟಣದಿಂದ ಹೊಳೆನರಸೀಪುರದ ಮೇಲೆ ಅರಕಲಗೂಡಿಗೆ ಹೋಗಿ ಬರುವ ದಾರಿಯ ಒಂದೊಂದು ಗುಂಡಿಯೂ ಇಬ್ಬರಿಗೂ ಬಾಯಿಪಾಠ. ಧರ್ಮೇಂದ್ರ ರಜೆ ಹಾಕಿದ ಮೇಲೆ ಮಂಚಯ್ಯನಿಗೆ ಹಾಸನದ ರೂಟು ಕೊಟ್ಟಿದ್ದರು, ಜೊತೆಗೆ ಎಳೆಯ ಕಂಡಕ್ಟರೊಬ್ಬನನ್ನು. ಆ ಎಳೆಯ ಸಪೂರ ದೇಹದವನು ಜನರ ನಡುವೆ ನುಸುಳಿ ಹಿಂದಿನ ಸೀಟಿನವರೆಗೂ ಹೋಗಿ ಟಿಕೆಟ್ ಕೊಟ್ಟು ಬರುವುದನ್ನು ಧರ್ಮೇಂದ್ರ ಹೊಟ್ಟೆಕಿಚ್ಚಿನಿಂದ ನೋಡಿದ. ತಾನು ಹಾಗೆ ಓಡಾಡಿ ಎರಡು ವರ್ಷವಾಗಿತ್ತು. ಮೊದಮೊದಲು ಅಡ್ಡಡ್ಡ ತಿರುಗಿ ಹೋಗುತ್ತಿದ್ದ, ಆಮೇಲೆ ಉಸಿರು ಬಿಗಿಹಿಡಿದು, ಆಮೇಲೆ ಹೋಗುವುದನ್ನೇ ಬಿಟ್ಟ. ಬಾಗಿಲ ಬಳಿಯ ಒಂಟಿ ಸೀಟಿನಲ್ಲಿ ಕುಳಿತು, ‘ಇಂದ್ಕೆ ಪಾಸ್ ಮಾಡ್ರಿ’ ಎಂದರೆ ಸಾಕು, ಹಣ ಕೈಯಿಂದ ಕೈಗೆ ಮುಂದಕ್ಕೆ ಬರುತ್ತಿತ್ತು, ಟಿಕೆಟ್ಟು, ಚಿಲ್ಲರೆ ಕೈಯಿಂದ ಕೈಗೆ ಹಿಂದಕ್ಕೆ ಹೋಗುತ್ತಿತ್ತು. ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ಅವರ ಆಧಾರ್ ಕಾರ್ಡುಗಳೂ ಹಾಗೆಯೇ ಬಂದು ಸೊನ್ನೆ ರೂಪಾಯಿ ಟಿಕೆಟ್ಟಿನ ಜೊತೆ ವಾಪಸು ಹೋಗುತ್ತಿದ್ದವು. ಹಿಂದಿನ ಸೀಟಿನವರ ಮುಖವನ್ನು ಅವನು ಎರಡು ವರ್ಷದಿಂದ ನೋಡಿದ್ದು ಕಾರ್ಡಿನ ಮೇಲೆ ಮಾತ್ರ. ಒಮ್ಮೆ ಹತ್ತಿದ ತಪಾಸಣೆಯವರು, ‘ನಿರ್ವಾಹಕರು ಸ್ಥಳದಿಂದ ಕದಲದೆ ಕರ್ತವ್ಯ ನಿರ್ವಹಿಸುತ್ತಿರುವುದು ಕಂಡುಬಂದಿರುತ್ತದೆ’ ಎಂದು ಬರೆದುಕೊಂಡು ಹೋಗಿದ್ದರು. ಮಂಚಯ್ಯ ಅದನ್ನು ಹೊಗಳಿಕೆ ಎಂದೇ ತಿಳಿದಿದ್ದ. ಡಿಪೋದ ಗೆಳೆಯರು ಧರ್ಮೇಂದ್ರನ ಹುಟ್ಟುಹಬ್ಬಕ್ಕೆ ಹೊಟ್ಟೆ ಬಿಟ್ಟುಕೊಂಡು ನಗುವ ಹಳದಿ ಗೊಂಬೆ ತಂದುಕೊಟ್ಟು, ಮನೆಗೆ ಒಳ್ಳೆಯದಂತೆ, ಬುದ್ಧನಂತೆ ಎಂದಿದ್ದರು. ಅವ್ವ ಸುಬ್ಬಮ್ಮ ಅದನ್ನು ಗೋಡೆಯ ಬುದ್ಧನ ಪಟದ ಕೆಳಗೆ ಭಕ್ತಿಯಿಂದ ಇಟ್ಟಿದ್ದಳು. ಕಣ್ಣುಮುಚ್ಚಿ ಕುಳಿತ ಆ ತೆಳ್ಳನೆಯವನಿಗೂ ಈ ದಪ್ಪನೆಯವನಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ, ಮೊದಲು ಇವನೂ ಅಂಗೇ ಇದ್ದ, ಥೈರಾಯ್ಡು ಬಂತು, ಎನ್ನುತ್ತಿದ್ದಳು.

ಥೈರಾಯ್ಡು ಅವನಿಗೆ ನಿಜವಾಗಿಯೂ ಇತ್ತು, ಅದರಲ್ಲಿ ಸುಳ್ಳಿಲ್ಲ. ಆದರೆ ಆ ಪದ ಅವನಿಗೆ ದಕ್ಕಿದ್ದು ಅರಕಲಗೂಡಿನ ಸ್ಟ್ಯಾಂಡಿನಲ್ಲಿ. ಒಂದು ಮಧ್ಯಾಹ್ನ ಜನ ಹತ್ತಿ ಆಗಿತ್ತು, ಬಾಗಿಲು ಹಾಕಿತ್ತು, ಮಂಚಯ್ಯ ಇಂಜಿನ್ ಚಾಲೂ ಮಾಡಿ ಕಾಯುತ್ತಿದ್ದ. ಧರ್ಮೇಂದ್ರ ‘ರೈಟ್’ ಅನ್ನಬೇಕು, ಅಷ್ಟೇ. ಅವನು ಅನ್ನಲಿಲ್ಲ. ಮರೆತದ್ದಲ್ಲ. ಪದ ನಾಲಿಗೆಯ ಮೇಲೇ ಇತ್ತು, ಆದರೆ ಅದನ್ನು ಹೇಳಿ ಏನಾಗಬೇಕು, ಬಸ್ಸು ಹೊರಡುತ್ತದೆ, ಮತ್ತೆ ಹೊಳೆನರಸೀಪುರ ಬರುತ್ತದೆ, ಮತ್ತೆ ಜನ ಇಳಿಯುತ್ತಾರೆ, ಮತ್ತೆ ಹತ್ತುತ್ತಾರೆ, ಇದಕ್ಕೆ ಕೊನೆಯೇ ಇಲ್ಲ ಎನಿಸಿ ಸುಮ್ಮನೆ ಕುಳಿತಿದ್ದ. ಯಾರೋ ದೊಡ್ಡ ಮನುಷ್ಯರು ಬರುವುದಿದೆ, ಅವರಿಗಾಗಿ ನಿಲ್ಲಿಸಿದ್ದಾನೆ ಎಂದು ಜನ ಕಿಟಕಿಯಲ್ಲಿ ಇಣುಕಿದರು. ನಾಲ್ಕು ನಿಮಿಷವಾದ ಮೇಲೆ ಮಂಚಯ್ಯನೇ ಸೀಟಿನಿಂದ ಎದ್ದು ಬಂದು ಏನಾಯ್ತಲಾ ಎಂದು ಕೇಳಿದ. ಏನಾಯಿತೆಂದು ಗೊತ್ತಿದ್ದರೆ ತಾನೆ ಹೇಳುವುದು. ಹಿಂದಿನ ವಾರ ರಕ್ತ ಪರೀಕ್ಷೆ ಮಾಡಿಸಿದ್ದು ನೆನಪಾಗಿ ‘ಥೈರಾಯ್ಡು’ ಅಂದ. ಮಂಚಯ್ಯ ತಲೆಯಾಡಿಸಿದ, ಮುಂದಿನ ಸೀಟಿನವರೂ ತಲೆಯಾಡಿಸಿದರು, ಒಬ್ಬಾಕೆ ತನ್ನ ನಾದಿನಿಗೂ ಇದೆ ಎಂದಳು. ಎಂಥ ಅನುಕೂಲದ ಪದ ಎಂದು ಅವನಿಗೆ ಅಂದೇ ಅನಿಸಿತು. ಬೆಳಿಗ್ಗೆ ಒಂದು ಕಾಲಿಗೆ ಕಾಲುಚೀಲ ಹಾಕಿಕೊಂಡು ಇನ್ನೊಂದನ್ನು ಕೈಯಲ್ಲಿ ಹಿಡಿದು ಅರ್ಧ ಗಂಟೆ ಕುಳಿತರೆ ಥೈರಾಯ್ಡು. ಮಗಳು ಕವನಾ ಶಾಲೆಯ ಬಹುಮಾನ ತಂದು ತೋರಿಸಿದಾಗ ಮುಖದ ಮೇಲೆ ನಗು ಬಾರದಿದ್ದರೆ ಥೈರಾಯ್ಡು. ಹೊಳೆನರಸೀಪುರದಲ್ಲಿ ಬಸ್ಸು ಟೀಗೆ ನಿಂತ ಇಪ್ಪತ್ತು ನಿಮಿಷದಲ್ಲಿ, ಟೀ ಬಿಟ್ಟು, ಮನಸ್ಸಿನ ಕಾಯಿಲೆ ನೋಡುವ ಡಾಕ್ಟರೊಬ್ಬರ ಹತ್ತಿರ ಕದ್ದು ಹೋಗಿ ಬಂದದ್ದನ್ನು ಅವನು ಯಾರಿಗೂ ಹೇಳಲಿಲ್ಲ. ಅವರು ಬರೆದುಕೊಟ್ಟ ಹಳದಿ ಮಾತ್ರೆಗಳನ್ನು ಥೈರಾಯ್ಡಿನ ಬಿಳಿ ಮಾತ್ರೆಯ ಡಬ್ಬಿಯಲ್ಲೇ ಬೆರೆಸಿಟ್ಟು, ದಿನವೂ ಬೆಳಿಗ್ಗೆ ಎರಡನ್ನೂ ಒಟ್ಟಿಗೆ ನುಂಗುತ್ತಿದ್ದ. ಆ ಡಬ್ಬಿಯ ಒಂದು ವಿಚಿತ್ರವೆಂದರೆ ಅದು ಖಾಲಿಯಾಗುತ್ತಲೇ ಇರಲಿಲ್ಲ. ತಿಂಗಳಿಗೊಮ್ಮೆ ತರಬೇಕಾದದ್ದನ್ನು ಸೋಮಾರಿತನದಿಂದ ಎರಡು ತಿಂಗಳು ತಾರದಿದ್ದರೂ ತಳದಲ್ಲಿ ಹಳದಿ ಕಾಣುತ್ತಲೇ ಇತ್ತು. ಎಷ್ಟು ದಿನ ನುಂಗುವುದನ್ನೇ ಮರೆತಿದ್ದೇನೋ, ಇನ್ನು ವಾಸಿಯಾಗುವುದು ಹೇಗೆ, ಎಂದು ಅದಕ್ಕೂ ಒಂದಷ್ಟು ಬೇಜಾರು ಮಾಡಿಕೊಂಡಿದ್ದ.

ಶಾಂತಿಗ್ರಾಮ ಬಂತು. ಮುದುಕಿ ಇಳಿಯುವಾಗ, ಒಳ್ಳೇದಾಗ್ಲಿ ಕಣಪ್ಪ, ಅಂದಳು. ಇವಳಿಗೂ ಸುದ್ದಿ ಗೊತ್ತಿದೆಯೇ ಎಂದು ಬೆಚ್ಚಿದ. ಗೊತ್ತಿದ್ದರೆ ಆಶ್ಚರ್ಯವೇನೂ ಇರಲಿಲ್ಲ, ಏಕೆಂದರೆ ಅವ್ವ ಫೋನ್ ಹಿಡಿದು ಕುಳಿತಿದ್ದಳು. ಆಪರೇಷನ್ ಆದ ಮೇಲೆ ಮಗ ಎರಡು ಚಮಚಕ್ಕಿಂತ ಹೆಚ್ಚು ತಿನ್ನುವ ಹಾಗಿಲ್ಲ ಎಂದು ಕೇಳಿದ ದಿನವೇ ಸುಬ್ಬಮ್ಮನಿಗೆ ಅಳು ಬಂದಿತ್ತು. ಇಂಥ ಸಂದರ್ಭಕ್ಕೆ ಹಿರಿಯರು ಏನು ಶಾಸ್ತ್ರ ಮಾಡಿದ್ದಾರೆಂದು ಯೋಚಿಸಿ, ಯಾವುದೂ ಹೊಳೆಯದೆ, ಏಳು ತಿಂಗಳ ಬಸುರಿಗೆ ಮಾಡುವುದನ್ನೇ ಮಗನಿಗೂ ಮಾಡಿಸುವುದೆಂದು ತೀರ್ಮಾನಿಸಿದಳು. ನೆಂಟರ ಮನೆ ಮನೆಗೂ ಕರೆಸಿ ಬಯಕೆಯ ಊಟ ಹಾಕಿಸುವುದು. ಎರಡು ವಾರ ಬರೀ ನೀರಿನ ಪದಾರ್ಥ ಕುಡಿದಿರಬೇಕು, ಇಲ್ಲದಿದ್ದರೆ ಲಿವರ್ ಊದಿಕೊಂಡು ಆಪರೇಷನ್ನಿಗೆ ಅಡ್ಡ ಬರುತ್ತದೆ ಎಂದು ಆಸ್ಪತ್ರೆಯವರು ಚೀಟಿ ಬರೆದುಕೊಟ್ಟಿದ್ದ ಅದೇ ಎರಡು ವಾರದಲ್ಲಿ ಈ ಮೆರವಣಿಗೆ ಹೊರಟಿತು. ನುಗ್ಗೇಹಳ್ಳಿಯ ಚಿಕ್ಕಮ್ಮನ ಮನೆಯಲ್ಲಿ ನಾಟಿ ಕೋಳಿ, ಕಜ್ಜಾಯ. ದುದ್ದದ ಸೋದರಮಾವ ತಮ್ಮಯ್ಯ ಒಂದು ಮರಿಯನ್ನೇ ಕುಯ್ಯಿಸಿದ್ದ. ಡಾಕ್ಟರು ನೀರಿನದು ಮಾತ್ರ ಅಂದಿದ್ದಾರೆ ಮಾವ, ಎಂದು ಧರ್ಮೇಂದ್ರ ಕ್ಷೀಣವಾಗಿ ಹೇಳಿನೋಡಿದ. ‘ಕಾಲ್ ಸೂಪು ನೀರಲ್ವೇನ್ಲಾ?’ ಎಂದು ತಮ್ಮಯ್ಯ ಮೊದಲ ಲೋಟ ಕೈಗಿತ್ತ. ಸೂಪಿನ ಹಿಂದೆ ಮುದ್ದೆ ಬಂತು, ಮುದ್ದೆಯ ಹಿಂದೆ ಬೋಟಿ ಗೊಜ್ಜು ಬಂತು, ನೆಂಟರೆಲ್ಲ ಸುತ್ತ ಕುಳಿತು ಅವನ ಒಂದೊಂದು ತುತ್ತನ್ನೂ ಕಣ್ತುಂಬಿಕೊಂಡು ನೋಡುತ್ತಿದ್ದರು. ಬೇಡವೆನ್ನಲು ಬಾಯಿ ತೆರೆದರೆ ಅದರೊಳಕ್ಕೂ ತುತ್ತು ಹೋಗುತ್ತಿತ್ತು. ಅವನಿಗೆ ಹಸಿವಿರಲಿಲ್ಲ, ರುಚಿಯೂ ತಿಳಿಯುತ್ತಿರಲಿಲ್ಲ. ಇಷ್ಟು ಜನ ಪ್ರೀತಿಯಿಂದ ನೋಡುತ್ತಿರುವಾಗ ತನಗೆ ಏನೂ ಅನಿಸುತ್ತಿಲ್ಲವಲ್ಲ ಎಂಬ ಅಪರಾಧಕ್ಕೆ ಇನ್ನೊಂದು ಮುದ್ದೆ ಹಾಕಿಸಿಕೊಂಡ. ಹೊರಡುವಾಗ ಮಾವ ಎಲೆ ಅಡಿಕೆಯ ಜೊತೆ ಒಂದು ಶರ್ಟು ಕೊಟ್ಟ. ಕವನಾಗೆ ಆಗುವಷ್ಟಿತ್ತು. ಆಮೇಲೆ ಹಾಕಿಕೊ ಎಂದು ಬೆನ್ನು ತಟ್ಟಿದ ಮಾವನ ಕಣ್ಣಲ್ಲಿ ನೀರಿತ್ತು.

ಆಸ್ಪತ್ರೆಯ ತಕ್ಕಡಿ ಮರಿ, ಕೋಳಿ, ಕಜ್ಜಾಯ ಯಾವುದನ್ನೂ ಮುಚ್ಚಿಡಲಿಲ್ಲ. ಎರಡು ವಾರದ ಹಿಂದೆ ನೂರಾ ಮೂವತ್ತೊಂದು ಕಿಲೋ ಇದ್ದವನು ಈಗ ನೂರಾ ಮೂವತ್ತನಾಲ್ಕೂವರೆ. ನರ್ಸಮ್ಮ ಇಳಿಯಲು ಹೇಳಿ ಮತ್ತೆ ಹತ್ತಲು ಹೇಳಿದಳು. ಎರಡನೆಯ ಸಲ ಚಪ್ಪಲಿ ಬಿಟ್ಟು, ಜೇಬಿನ ಮೊಬೈಲು, ಬೀಗದ ಕೈ ತೆಗೆದು ಹತ್ತಿದ, ಉಸಿರನ್ನೂ ಹೊರಗೆ ಬಿಟ್ಟ. ನೂರಾ ಮೂವತ್ತನಾಲ್ಕು. ಎರಡು ವಾರ ಬರೀ ನೀರಿನದು ಕುಡಿದು ಮೂರು ಕಿಲೋ ಏರಿದವರನ್ನು ತಾನು ನೋಡಿಲ್ಲ ಎಂದು ಆಕೆ ನಗದೆ ಹೇಳಿದಳು. ಧನಲಕ್ಷ್ಮಿ ಗೋಡೆಯ ಮೇಲಿನ ಲಸಿಕೆಯ ಪಟ್ಟಿಯನ್ನು ಬಹಳ ಆಸಕ್ತಿಯಿಂದ ಓದತೊಡಗಿದಳು. ಸರ್ಜನ್ನರು ಕಾಗದ ನೋಡಿ, ಥೈರಾಯ್ಡಿನ ರಿಪೋರ್ಟೂ ಹದಕ್ಕೆ ಬಂದಿಲ್ಲ, ನಾಲ್ಕು ಸಲ ಮಾತ್ರೆ ಏರಿಸಿದ್ದಾರೆ, ಆದರೂ ಇಳಿಯುವುದಿಲ್ಲವೆಂದರೆ ಏನು ಎಂದು ತಮಗೆ ತಾವೇ ಕೇಳಿಕೊಂಡು, ಹದಿನಾಲ್ಕನೇ ನಂಬರ್ ರೂಮಿಗೆ ಹೋಗಿ, ಅಲ್ಲಿ ಸಹಿಯಾದರೆ ನೋಡೋಣ ಎಂದರು. ಎಲ್ಲವೂ ಈಗ ಆ ಒಂದು ಸಹಿಯ ಮೇಲೆ ನಿಂತಿತು. ಧರ್ಮೇಂದ್ರ ಉದ್ದನೆಯ ವರಾಂಡದಲ್ಲಿ ನಿದ್ದೆ, ಬೇಜಾರು, ಮಂಡಿ ಎಂದು ಗುನುಗುತ್ತ ನಡೆದ.

ಯಾವ ಕೋಣೆಗೆ ಹೋದರೂ ಅವನು ಮೊದಲು ನೋಡುವುದು ಕುರ್ಚಿಗೆ ಕೈಗಳಿವೆಯೇ ಎಂದು. ಕೈಯಿದ್ದ ಕುರ್ಚಿಗಳು ಅವನು ಎದ್ದಾಗ ಜೊತೆಗೇ ಎದ್ದು ಬಂದ ಪ್ರಸಂಗಗಳು ಎರಡಾಗಿದ್ದವು, ಒಂದು ಮದುವೆ ಮನೆಯಲ್ಲಿ, ಒಂದು ಡಿಪೋ ಮ್ಯಾನೇಜರರ ಎದುರಿನಲ್ಲಿ. ಹದಿನಾಲ್ಕನೇ ರೂಮಿನ ಕುರ್ಚಿಗೂ ಕೈಗಳಿದ್ದವು. ಆದರೆ ಡಾಕ್ಟರು, ಮೂವತ್ತೈದರ ಆಸುಪಾಸಿನ ಹೆಂಗಸು, ಏನೂ ಹೇಳದೆ ಗೋಡೆಯ ಪಕ್ಕದ ಬೆಂಚಿನ ಕಡೆ ಕೈ ತೋರಿಸಿದರು. ಮೇಜಿನ ಮೇಲೆ ಡಾ. ಸಂಘಮಿತ್ರಾ ಎಂಬ ಫಲಕ. ಅವ್ವ ಜೊತೆಗಿದ್ದಿದ್ದರೆ, ಬುದ್ಧನ ಕಡೆ ಹೆಸರು, ನಮ್ಮ ಪೈಕಿ, ಯಾವೂರು ತಾಯಿ, ಎಂದು ಶುರುಮಾಡಿ ಮುದ್ದೆಗೆ ಕರೆಯುವ ತನಕ ಹೋಗುತ್ತಿದ್ದಳು. ಇವರ ಎದುರು ಸುಳ್ಳು ಹೇಳಬೇಕಲ್ಲ ಎಂದು ಅವನಿಗೆ ಕೆಡುಕೆನಿಸಿತು. ಅದು ಹೆಚ್ಚಾಗುವ ಮೊದಲೇ ಮುಗಿಸಿಬಿಡೋಣವೆಂದು, ಅವರು ಹೆಸರು ಕೇಳಿದ ಕೂಡಲೇ ಹೆಸರು, ನಿದ್ದೆ, ಊಟ, ಬೇಜಾರು, ಮಂಡಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ, ಸ್ಟಾಪುಗಳ ಹೆಸರು ಕೂಗುವ ರಾಗದಲ್ಲಿ ಹೇಳಿಬಿಟ್ಟ. ಡಾಕ್ಟರು ಬರೆದುಕೊಳ್ಳಲಿಲ್ಲ. ತೆಗೆದುಕೊಳ್ಳುವ ಮಾತ್ರೆ ತೋರಿಸಿ ಎಂದರು. ಡಬ್ಬಿಯನ್ನು ಕಾಗದದ ಮೇಲೆ ಬಗ್ಗಿಸಿದರು. ಬಿಳಿಯವು ಒಂದಷ್ಟು, ಹಳದಿಯವು ಒಂದಷ್ಟು ಉರುಳಿದವು. ಎರಡೂ ಥೈರಾಯ್ಡಿಗೇನಾ ಎಂದು ಕೇಳಿದರು. ಎರಡೂ ಅದಕ್ಕೇ ಎಂದು ಅವನು ತಲೆಯಾಡಿಸುತ್ತಿದ್ದ ಹಾಗೆಯೇ ಪಕ್ಕದಿಂದ ಧನಲಕ್ಷ್ಮಿಯ ದನಿ ಬಂತು.

‘ಬಿಳೀದು ಥೈರಾಯ್ಡು ಮೇಡಂ. ಅಳದೀದು ಬೇಜಾರಿಂದು.’

ಅವನು ತಲೆಯಾಡಿಸುವುದನ್ನು ಅರ್ಧಕ್ಕೆ ನಿಲ್ಲಿಸಿದ. ಧನಲಕ್ಷ್ಮಿ ಅವನ ಕಡೆ ನೋಡದೆ, ಡಾಕ್ಟರಿಗೆ ಮಾತ್ರ ಹೇಳುವಂತೆ ಹೇಳಿದಳು: ಹೋದ ವರ್ಷ ಖಾಕಿ ಅಂಗಿ ಒಗೆಯುವಾಗ ಜೇಬಿನಲ್ಲಿ ಚೀಟಿ ಸಿಕ್ಕಿತ್ತು. ಎದುರುಮನೆಯ ಟೀಚರಮ್ಮನ ಕೈಲಿ ಓದಿಸಿ ತಿಳಿದುಕೊಂಡಿದ್ದಳು. ಇವರು ತರುವುದನ್ನು ಮರೆತ ತಿಂಗಳು ಹೊಳೆನರಸೀಪುರಕ್ಕೆ ತಾನೇ ಹೋಗಿ, ಅದೇ ಡಾಕ್ಟರ ಹತ್ತಿರ ಚೀಟಿ ಹೊಸದು ಮಾಡಿಸಿ, ಮಾತ್ರೆ ತಂದು ಡಬ್ಬಿಗೆ ತುಂಬುತ್ತಿದ್ದಳು. ಹೋಗಿಬರಲು ಬೇರೆ ಬಸ್ಸು ಹಿಡಿಯುತ್ತಿದ್ದಳು, ಟಿಕೆಟ್ಟು ಹೇಗೂ ಸೊನ್ನೆ. ಮತ್ತೆ ನನಗೇಕೆ ಹೇಳಲಿಲ್ಲ ಎಂದು ಅವನು ಕೇಳಿದ್ದು ಅವನಿಗೇ ಕೇಳಿಸಲಿಲ್ಲ.

‘ಯೋಳಿದ್ರೆ ಬಿಟ್ಬುಡ್ತಿದ್ರಿ.’

ಅವನಿಗೆ ನಾಚಿಕೆಯಾಯಿತು. ಆಮೇಲೆ ನಾಚಿಕೆಗಿಂತ ದೊಡ್ಡದಾಗಿ ಹಾಯೆನಿಸಿತು; ಒಂದು ವರ್ಷದಿಂದ ತಾನೊಬ್ಬನೇ ಹೊತ್ತೆನೆಂದುಕೊಂಡದ್ದರ ಇನ್ನೊಂದು ತುದಿಯನ್ನು ಇವಳು ಹಿಡಿದೇ ಇದ್ದಳು. ಡಬ್ಬಿ ಯಾಕೆ ಖಾಲಿಯಾಗಲಿಲ್ಲವೆಂಬುದೂ ತಿಳಿಯಿತು. ಅಷ್ಟರಲ್ಲಿ ಡಾಕ್ಟರು ಮಾತ್ರೆಗಳನ್ನು ಡಬ್ಬಿಗೆ ತುಂಬುತ್ತ, ದಿನವೂ ಇವನ್ನು ಹೇಗೆ ತೆಗೆದುಕೊಳ್ಳುತ್ತೀರಿ ಎಂದರು. ಖಾಲಿ ಹೊಟ್ಟೆಗೆ ಮಾತ್ರೆ ಬಿದ್ದರೆ ಕರುಳು ಸುಡುತ್ತದೆಂದು ಅವ್ವ ಬಿಡುವುದಿಲ್ಲ, ಅದಕ್ಕೆ ಎರಡು ಬನ್ನು, ದೊಡ್ಡ ಲೋಟ ಕಾಫಿಯ ಜೊತೆ, ಎಂದು ಅವನು ಪ್ರಾಮಾಣಿಕವಾಗಿ ಹೇಳಿದ. ಡಾಕ್ಟರು ಡಬ್ಬಿ ಕೆಳಗಿಟ್ಟು ಕಣ್ಣುಜ್ಜಿಕೊಂಡರು. ಬಿಳಿ ಮಾತ್ರೆ ಕಾಫಿಯೊಡನೆ ಹೋದರೆ ಮೈಗೆ ಹತ್ತುವುದೇ ಕಡಿಮೆ, ಖಾಲಿ ಹೊಟ್ಟೆಯಲ್ಲಿ ಬರೀ ನೀರಿನೊಂದಿಗೆ ನುಂಗಿ ಒಂದು ಗಂಟೆ ಕಾಯಬೇಕು, ಮಾತ್ರೆ ಬರುವ ಹಾಳೆಯ ಮೇಲೆ ಬರೆದೇ ಇರುತ್ತದಲ್ಲ, ಎಂದರು. ಹಾಳೆಯಿಂದ ಬಿಡಿಸಿಯೇ ತಾನೆ ಡಬ್ಬಿಗೆ ತುಂಬುತ್ತಿದ್ದದ್ದು ಎಂದು ಗಂಡಹೆಂಡತಿ ಮುಖ ಮುಖ ನೋಡಿಕೊಂಡರು. ಎರಡು ವರ್ಷ, ನಾಲ್ಕು ಸಲ ಏರಿಸಿದ ಮಾತ್ರೆ, ಹೆಚ್ಚು ಪಾಲು ಸುಬ್ಬಮ್ಮನ ಕಾಫಿಯೊಳಗೇ ಕರಗಿಹೋಗಿತ್ತು. ಧರ್ಮೇಂದ್ರನಿಗೆ ನಗು ಬಂತು. ಆ ನಗುವಿನ ಬೆನ್ನಿಗೇ ಬಚ್ಚಲಮನೆಯಲ್ಲಿ ಒಮ್ಮೆಯೂ ಅಭ್ಯಾಸ ಮಾಡದ ಮಾತು ಹೊರಬಿತ್ತು.

‘ಸಣ್ಣಗಾದ್ಮೇಲೂ ಇದು ಓಗ್ನಿಲ್ಲ ಅಂದ್ರೆ ಏನ್ ಮಾಡ್ಲಿ ಮೇಡಂ? ಈಗಾದ್ರೆ ದಪ್ಪ ಇವ್ನಿ, ಅದ್ಕೇ ಬೇಜಾರು ಅನ್ಕೋಬೋದು. ಆಗ ಯಾವುದ್ರ ಮೇಲೆ ಆಕ್ಲಿ?’

ಇದೇ ತನ್ನ ಭಯವೆಂದು ಅವನಿಗೂ ಈಗಲೇ ಗೊತ್ತಾದದ್ದು. ಡಾಕ್ಟರು ಸಮಾಧಾನದ ಮಾತೇನೂ ಆಡಲಿಲ್ಲ. ಆ ಆಪರೇಷನ್ ಹೊಟ್ಟೆಗೆ ಮಾಡುವುದು, ಬೇಜಾರಿಗಲ್ಲ, ಅದಕ್ಕೆ ಬೇರೆ ದಾರಿ ಇದೆ ಎಂದರು. ಇಲ್ಲವೆನ್ನುತ್ತಿಲ್ಲ, ಮುಂದಕ್ಕೆ ಹಾಕುತ್ತಿದ್ದೇನೆ: ಮೂರು ತಿಂಗಳು ಬಿಳಿ ಮಾತ್ರೆ ಖಾಲಿ ಹೊಟ್ಟೆಗೆ, ಹಳದಿ ಕದ್ದುಮುಚ್ಚದೆ, ಎರಡು ವಾರಕ್ಕೊಮ್ಮೆ ಬುಧವಾರ ಹತ್ತು ಗಂಟೆಗೆ ಇಲ್ಲಿಗೆ, ಆಮೇಲೆ ಸಹಿ ಎಂದು ಬರೆದರು. ಸಹಿ ಸಿಗಲಿಲ್ಲವೆಂದು ಅವನಿಗೆ ಹೊರಗೆ ಬಂದ ಮೇಲೆ ನೆನಪಾಯಿತು. ಫೋನಿನಲ್ಲಿ ವಿಷಯ ಕೇಳಿದ ಸುಬ್ಬಮ್ಮ ಕಾಫಿಯ ಮೇಲೆ ಬಂದ ಅಪವಾದವನ್ನು ಒಪ್ಪಲೇ ಇಲ್ಲ. ಆಕೆಯ ಚಿಂತೆಯೆಲ್ಲ, ತಮ್ಮಯ್ಯ ಮರಿ ಕುಯ್ಯಿಸಿದ್ದಾನಲ್ಲ, ಈಗ ಅವನಿಗೆ ಏನು ಹೇಳುವುದು, ಮೂರು ತಿಂಗಳ ಮೇಲೆ ಮತ್ತೆ ಕರೆಸಿ ಉಣ್ಣಿಸಬೇಕಾಗುತ್ತದೋ ಹೇಗೆ ಎಂಬುದಾಗಿತ್ತು.

ನಾಲ್ಕು ಗಂಟೆಗೆ ಸಿಕ್ಕಿದ್ದು ಮತ್ತೆ ಮಂಚಯ್ಯನ ಬಸ್ಸೇ. ಕಾಲೇಜು ಬಿಟ್ಟ ಹೊತ್ತು, ನಿಲ್ಲಲೂ ಜಾಗವಿರಲಿಲ್ಲ. ಡ್ರೈವರ್ ಹಿಂದಿನ ಸೀಟನ್ನು ಮಾತ್ರ ಮಂಚಯ್ಯ ಟವಲ್ ಹಾಕಿ ಹಿಡಿದಿದ್ದ. ಊರು ದಾಟಿದ ಮೇಲೆ, ಇಂಜಿನ್ನಿನ ಸದ್ದಿಗಿಂತ ಎತ್ತರದಲ್ಲಿ ಮಾತಾಡಿಯೇ ಅಭ್ಯಾಸವಾದ ಅವನು ಇಡೀ ಬಸ್ಸಿಗೆ ಕೇಳುವಂತೆ, ಏನಂತೆ ಧರ್ಮ, ಥೈರಾಯ್ಡು ಏನಂತೆ, ಎಂದು ಕೇಳಿದ. ಹೌದಣ್ಣ, ಇನ್ನೂ ಇಳಿದಿಲ್ಲವಂತೆ, ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಪದ ನಾಲಿಗೆಯ ಮೇಲೇ ಇತ್ತು. ಧರ್ಮೇಂದ್ರ ಪಕ್ಕಕ್ಕೆ ನೋಡಿದ. ಧನಲಕ್ಷ್ಮಿ ಡಬ್ಬಿಯಿದ್ದ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು.

‘ಥೈರಾಯ್ಡೊಂದೇ ಅಲ್ಲ ಕಣಣ್ಣ, ಬೇಜಾರಿನ ಕಾಯ್ಲೆ. ಎರಡು ವರ್ಸದಿಂದ ಐತೆ. ಮಾತ್ರೆ ತಗೋತಾ ಇವ್ನಿ.’

ಅವನೂ ಇಂಜಿನ್ನಿಗಿಂತ ಎತ್ತರದಲ್ಲೇ ಹೇಳಿದ್ದ. ಕೊನೆಯ ಸೀಟಿನವರೆಗೂ ಕೇಳಿರಬೇಕು. ಮಂಚಯ್ಯ ಕನ್ನಡಿಯಲ್ಲಿ ಅವನನ್ನು ಒಂದು ಕ್ಷಣ ನೋಡಿ, ಅರಕಲಗೂಡಿನ ಆ ನಾಲ್ಕು ನಿಮಿಷ ನೆನಪಾಯಿತೋ ಏನೋ, ಓ ಎಂದಷ್ಟೇ ಅಂದು ಗೇರು ಬದಲಾಯಿಸಿದ. ತಲೆಯಾಡಿಸುವವರು ಯಾರೂ ಇರಲಿಲ್ಲ. ಬೇರೆ ಯಾರ ನಾದಿನಿಗೂ ಇದ್ದಂತೆ ಕಾಣಲಿಲ್ಲ. ಯಾಕಾದರೂ ಹೇಳಿದೆನೋ ಎಂದು ಅವನು ಬೆವರುತ್ತಿರುವಾಗ ಭುಜದ ಮೇಲೆ ಯಾರೋ ತಟ್ಟಿದರು. ಹಿಂದಿನಿಂದ ಬಂದಿದೆ, ನಿಮಗಂತೆ, ಎಂದು ಹುಡುಗಿಯೊಬ್ಬಳು ಏನನ್ನೋ ಕೊಟ್ಟಳು. ಅವಳಿಗೆ ಕೊಟ್ಟವರು ಅವಳ ಹಿಂದಿನವರು, ಅವರಿಗೆ ಅವರ ಹಿಂದಿನವರು. ಅದೊಂದು ಸೊನ್ನೆ ರೂಪಾಯಿ ಟಿಕೆಟ್ಟು. ಹಿಂಬದಿಯಲ್ಲಿ ಬಾಲ್ ಪೆನ್ನಿನ ಸೊಟ್ಟ ಅಕ್ಷರ: ಯಾವ ಡಾಕ್ಟ್ರು. ಎಷ್ಟನೇ ರೂಮು.

ಉತ್ತರ ಬರೆದು, ಹಿಂದಕ್ಕೆ ಪಾಸ್ ಮಾಡ್ರಿ, ಎಂದರೆ ಸಾಕಾಗಿತ್ತು. ಅವನು ಎದ್ದ. ಧನಲಕ್ಷ್ಮಿ ಅಂಗಿಯ ತುದಿ ಹಿಡಿದು, ಕೂತ್ಕಳಿ, ಜನ ಅವ್ರೆ, ಎಂದರೂ ಅಡ್ಡ ತಿರುಗಿ ನುಗ್ಗಿದ. ಬ್ಯಾಗುಗಳು ಮೇಲೆ ಹೋದವು, ಮೊಣಕೈಗಳು ಒಳಗೆ ಹೋದವು, ಕಾಲೇಜು ಹುಡುಗರು ಸೀಟುಗಳ ಮೇಲೆ ಒರಗಿ ದಾರಿ ಮಾಡಿದರು. ಎರಡು ಕಡೆ ಸಿಕ್ಕಿಕೊಂಡು, ಯಾರೋ ಹಿಂದಿನಿಂದ ದೂಡಿ, ಬೆವರಿ ನೀರಾಗಿ, ಎರಡು ವರ್ಷದ ಮೇಲೆ ಕೊನೆಯ ಸೀಟಿನ ಎದುರಿಗೆ ನಿಂತ. ಅಲ್ಲಿ ಆರು ಜನ ಹೆಂಗಸರಿದ್ದರು. ಆರು ಜನವೂ ಕಿಟಕಿಯಾಚೆ ನೋಡುತ್ತಿದ್ದರು. ಯಾರ ಕೈಯಲ್ಲೂ ಪೆನ್ನಿರಲಿಲ್ಲ. ಇದು ಯಾರದು ಎಂದು ಕೇಳಲು ತೆರೆದ ಬಾಯನ್ನು ಅವನು ಮುಚ್ಚಿದ. ಆಮೇಲೆ ಯಾರನ್ನೂ ನೋಡದೆ, ಸ್ಟಾಪು ಬಂದಾಗ ಕೂಗುವ ದನಿಯಲ್ಲಿ, ಆದರೆ ಮೆಲ್ಲಗೆ, ‘ಡಾಕ್ಟರ್ ಸಂಘಮಿತ್ರಾ, ರೂಮ್ ನಂಬರ್ ಹದಿನಾಲ್ಕು, ಬುಧವಾರ ಹತ್ತು ಗಂಟೆ. ಒಳ್ಳೇವ್ರು’ ಎಂದ. ಯಾರೂ ತಿರುಗಲಿಲ್ಲ.

ಬಸ್ಸು ಶಾಂತಿಗ್ರಾಮದಲ್ಲಿ ನಿಂತಿತು. ಇಳಿಯುವವರೆಲ್ಲ ಎದ್ದು ನಿಂತರು, ನಿಂತೇ ಇದ್ದರು. ಮುಂದಿನ ಬಾಗಿಲೊಂದೇ ದಾರಿ, ದಾರಿಯ ತುಂಬ ಧರ್ಮೇಂದ್ರ. ಅವನು ಇಳಿಯದೆ ಅವನ ಹಿಂದಿನವರು ಯಾರೂ ಇಳಿಯುವಂತಿರಲಿಲ್ಲ. ಹಾಗಾಗಿ ಮತ್ತೆ ಬ್ಯಾಗುಗಳು ಮೇಲೆ, ಮೊಣಕೈಗಳು ಒಳಗೆ, ಮತ್ತೆ ಎರಡು ಕಡೆ ಸಿಕ್ಕಿಕೊಂಡು ಅವನು ಮೆಟ್ಟಿಲಿಳಿದು ರಸ್ತೆಯ ಬದಿಗೆ ನಿಂತ. ಅವನ ಹಿಂದೆ ಒಂಬತ್ತು ಜನ ಇಳಿದರು. ಕೊನೆಯವಳು ನಲವತ್ತರ ಹೆಂಗಸು, ಕೈಯಲ್ಲಿ ಹಾಲಿನ ಖಾಲಿ ಕ್ಯಾನು. ನಾಲ್ಕು ಹೆಜ್ಜೆ ಹೋದವಳು ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ನಿಂತು, ಅವನ ಕಡೆ ಪೂರ್ತಿ ತಿರುಗದೆ ಕೇಳಿದಳು.

‘ಬುದವಾರನಾ, ಗುರುವಾರನಾ?’

‘ಬುಧವಾರ ಕಣಕ್ಕ. ನಾನೂ ಬತ್ತೀನಿ.’

ಅವಳು ಹೊರಟುಹೋದಳು. ಧರ್ಮೇಂದ್ರ ಕಂಬ ಹಿಡಿದು ಬಸ್ಸು ಹತ್ತಿದ. ಎಳೆಯ ಕಂಡಕ್ಟರು ಎಲ್ಲೋ ಮಧ್ಯದಲ್ಲಿ ಯಾರದೋ ಆಧಾರ್ ಕಾರ್ಡು ನೋಡುತ್ತಿದ್ದ. ಬಾಗಿಲು ಹಾಕಿತ್ತು, ಇಂಜಿನ್ ಚಾಲೂ ಇತ್ತು, ಮಂಚಯ್ಯ ಕಾಯುತ್ತಿದ್ದ.

‘ರೈಟ್’ ಅಂದ ಧರ್ಮೇಂದ್ರ.